ಮಲೆನಾಡಿನ ತೇವದ ಥಂಡಿಗೆ ಒಂಬತ್ತು ಪಾಕೆಟ್ಟಿನ ಹಾಳೆ ತಡೆಯುತ್ತಾ? ತಿಂಡಿ ಪ್ಯಾಕೆಟ್ಟಿನ ಹಳೇ ಕಾಗದದ ಆಟಿಕೆ ಕೂಡಿಡುವವರಿಗೊಂದು ವಿಮರ್ಶೆ

ಮೊದಲೇ ತೀರ್ಪು ಹೇಳಿಬಿಡುತ್ತೇವೆ. ಟ್ರೇಡಿಂಗ್ ಕಾರ್ಡ್ (ಕೂಡಿಟ್ಟು ಬದಲಾಯಿಸಿಕೊಳ್ಳುವ ಚಿತ್ರದ ಕಾರ್ಡು) ಇಡಲು ಮಾರುವ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಒಂಬತ್ತು ಪಾಕೆಟ್ ಹಾಳೆಗೆ 5ಕ್ಕೆ 4 ಅಂಕ. ಅದೇ ಹಾಳೆಯನ್ನು ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಬೇರೇನೂ ವ್ಯವಸ್ಥೆಯಿಲ್ಲದೆ ಬೀರುವಿನೊಳಗೆ ಇಟ್ಟುಬಿಟ್ಟರೆ ಅಂಕ 2ಕ್ಕೆ ಇಳಿಯುತ್ತದೆ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯವರು ಮಾತ್ರ ಸ್ವಲ್ಪ ನಿರಾಳವಾಗಿರಬಹುದು. ಜಿಲ್ಲೆ ಒಂದೇ ಆದರೂ ಅವರ ಗಾಳಿ ಬೇರೆ.

ಹಾಸನ, ಚಿಕ್ಕಮಗಳೂರಿನಲ್ಲಿ ಈ ಹವ್ಯಾಸದವರು ಸಾಮಾನ್ಯವಾಗಿ ಹಿಡಿಯುವ ದಾರಿ ನಾಲ್ಕು: ಅಂಟು ಪುಟದ ಫೋಟೋ ಆಲ್ಬಂ, ನಾಣ್ಯ ಇಡುವ ಮೆತ್ತನೆ ಪ್ಲಾಸ್ಟಿಕ್ ಹಾಳೆ, ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್, ಇಲ್ಲವೇ ಈ ಒಂಬತ್ತು ಪಾಕೆಟ್ಟಿನ ಹಾಳೆ. ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿಯೇ ಬರೆಯುತ್ತಿದ್ದೇವೆ.

ಈ ಕಾಗದದ ಜಾತಿಯೇ ಬೇರೆ

ಸ್ಟಾಂಪು, ಹಳೇ ನೋಟು ಕೂಡಿಡುವವರು ಕೊಡುವ ಸಲಹೆ ಇಲ್ಲಿ ಅರ್ಧಂಬರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಈ ಚೀಟಿ, ಸ್ಟಿಕರು, ಮಡಚುವ ಬೊಂಬೆಗಳೆಲ್ಲ ತಿಂಡಿಯ ಜತೆ ಒಂದೇ ಪ್ಯಾಕೆಟ್ಟಿನಲ್ಲಿ ತಿಂಗಳುಗಟ್ಟಲೆ ಇದ್ದು ಬಂದವು. ಎಣ್ಣೆ, ಉಪ್ಪು, ಸಕ್ಕರೆ ಮೂರರಲ್ಲಿ ಒಂದಾದರೂ ಕಾಗದದ ಒಳಗಿಳಿದಿರುತ್ತದೆ. ಮಾಡಿಸಿದವರೂ ನಾಲ್ಕು ದಿನ ಆಡಿ ಬಿಸಾಡಲಿ ಎಂದೇ ಅಗ್ಗದ ಕಾಗದದಲ್ಲಿ ಮಾಡಿಸಿದ್ದು.

ಅಮೆರಿಕದ ಕ್ರ್ಯಾಕರ್ ಜಾಕ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾಕಂಬಿ ಪಾಕ ಹಚ್ಚಿದ ಪಾಪ್‌ಕಾರ್ನ್, ಕಡಲೆಕಾಯಿ ಬೀಜದ ತಿಂಡಿ ಅದು. 1912ರಿಂದ ಪ್ರತಿ ಪೊಟ್ಟಣದಲ್ಲೂ ಒಂದು ಬಹುಮಾನ ಹಾಕತೊಡಗಿದರು. 1914ರಲ್ಲಿ ಬಂದ 144 ಬೇಸ್‌ಬಾಲ್ ಕಾರ್ಡುಗಳು ನೇರವಾಗಿ ಆ ಪಾಕದ ಮಧ್ಯೆಯೇ ಇದ್ದದ್ದರಿಂದ ಕಂದು ಕಲೆಯಿಲ್ಲದ 1914ರ ಕಾರ್ಡು ಸಿಗುವುದೇ ಕಷ್ಟ. 1915ರಲ್ಲಿ ಸಂಖ್ಯೆ 176ಕ್ಕೆ ಏರಿತು. ಆ ವರ್ಷ ಕೂಪನ್ ಕಳಿಸಿ ಇಡೀ ಸೆಟ್ಟನ್ನೇ ಅಂಚೆಯಲ್ಲಿ ತರಿಸಿಕೊಳ್ಳುವ ಅವಕಾಶವಿತ್ತು. ಹಾಗಾಗಿ 1915ರವು ಚೊಕ್ಕಟವಾಗಿ ಉಳಿದಿವೆ, ಸಿಗುವುದೂ ಹೆಚ್ಚು. ಎರಡನೇ ಮಹಾಯುದ್ಧದ ಕಾಲಕ್ಕೆ ತಗಡಿಗೆ ಬರ ಬಂತು, ಜಪಾನಿನಿಂದ ಆಟಿಕೆ ಬರುವುದೂ ನಿಂತಿತು. ಆಗ ಪೊಟ್ಟಣದೊಳಗೆ ಕಾಗದದ ಆಟಿಕೆಗಳದ್ದೇ ರಾಜ್ಯಭಾರ. ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಬಂತು. 2016ರಲ್ಲಿ ಆಟಿಕೆಯನ್ನೇ ತೆಗೆದು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಚೀಟಿ ಹಾಕಿದರು. ಅದನ್ನು ಯಾರು ಕೂಡಿಡುತ್ತಾರೋ!

ಜಪಾನಿನಲ್ಲಿ 1971ರಲ್ಲಿ ಕ್ಯಾಲ್ಬಿ ಕಂಪನಿಯ, ಕಾಮೆನ್ ರೈಡರ್ ಎಂಬ ಟಿವಿ ನಾಯಕನ ಹೆಸರಿನ ತಿಂಡಿಗೆ ಕಾರ್ಡು ಬಂದಾಗ ಮಕ್ಕಳು ಕಾರ್ಡು ಇಟ್ಟುಕೊಂಡು ತಿಂಡಿ ಬಿಸಾಡುತ್ತಿದ್ದರು. ಅದೇ ಕಂಪನಿ 1973ರಿಂದ ತಿಂಡಿಯ ಜತೆ ಬೇಸ್‌ಬಾಲ್ ಕಾರ್ಡು ಕೊಡತೊಡಗಿತು. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಬರುತ್ತಿದ್ದ ಟ್ಯಾಜೊ ಬಿಲ್ಲೆ ಹುಟ್ಟಿದ್ದು 1994ರಲ್ಲಿ ಮೆಕ್ಸಿಕೊದಲ್ಲಿ. ನಮ್ಮ ಕಡೆಯ ಡಬ್ಬಿಗಳಲ್ಲಿ ಸಿಗುವುದು ಚೀಟೋಸ್ ಪ್ಯಾಕೆಟ್ಟಿನ ಪೋಕೆಮಾನ್ ಟ್ಯಾಜೊ, ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟ್ ಚೀಟಿ, ಪಾರ್ಲೆ-ಜಿ ಜತೆಯ ಶಕ್ತಿಮಾನ್ ಸ್ಟಿಕರು, 1999ರ ವಿಶ್ವಕಪ್ ಸಮಯದಲ್ಲಿ ಮೇಲೆ ಅಚ್ಚಾಗಿದ್ದ ರನ್ ಲೆಕ್ಕ ಹಾಕಿ ಕತ್ತರಿಸಿಟ್ಟ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆ. ತಿಂಡಿಯ ಸಾಲಿಗೆ ಸೇರದಿದ್ದರೂ ಥಮ್ಸ್ ಅಪ್ ಕಂಪನಿಯವರು ಕೊಟ್ಟ ಕ್ರಿಕೆಟಿಗರ ಪುಟಾಣಿ ಫ್ಲಿಕ್ ಪುಸ್ತಕಗಳನ್ನು (ಪುಟ ಸರಸರ ಬಿಟ್ಟರೆ ಚಿತ್ರ ಓಡುವಂಥವು) ಎಲ್ಲರೂ ಇದೇ ಸಂಗ್ರಹದಲ್ಲಿ ಇಡುತ್ತಾರೆ.

ಉಪ್ಪಿನ ವಿಷಯ ಒಂಚೂರು ಬಿಡಿಸಿ ಹೇಳಬೇಕು. ಗಾಳಿಯ ತೇವಾಂಶ ಶೇ 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿಯೇ ನೀರೆಳೆದುಕೊಂಡು ಕರಗುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ಮೂಡಿಗೆರೆಯ ಮನೆಗಳಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದು ಎಲ್ಲರೂ ನೋಡಿದ್ದೇ. ಚಿಪ್ಸಿನ ಜತೆ ಬಂದ ಚೀಟಿಯ ಮೇಲೂ ಅದೇ ಉಪ್ಪಿದೆ. ಪಕ್ಕದ ಸ್ಟಾಂಪು ಒಣಗಿದ್ದರೂ ಚೀಟಿ ಜಿನುಗುತ್ತದೆ, ಆಮೇಲೆ ಅಲ್ಲೇ ಬೂಷ್ಟು.

ಬೇಡವಾದ ಮೂರು

ಲ್ಯಾಮಿನೇಷನ್ ಬಗ್ಗೆ ಹೆಚ್ಚು ಮಾತಿಲ್ಲ. ಕಾವಿಗೆ ಕರಗುವ ಅಂಟು ಕಾಗದದ ನಾರಿನೊಳಗೆ ಇಳಿದುಬಿಡುತ್ತದೆ, ಮತ್ತೆ ಬಿಡಿಸಲಾಗದು. ಮೇಣದ ಕಾಗದದ ಬಬಲ್‌ಗಮ್ ಚೀಟಿಯಾದರೆ ಯಂತ್ರದ ಬಿಸಿಗೇ ಮೇಣ ಕರಗಿ ಬಣ್ಣ ಹರಡುತ್ತದೆ. ಲ್ಯಾಮಿನೇಷನ್ ಆದ ಚೀಟಿಗೆ ಸಂಗ್ರಹಕಾರರ ನಡುವೆ ಬೆಲೆಯೂ ಇಲ್ಲ.

ಅಂಟು ಪುಟದ ಫೋಟೋ ಆಲ್ಬಂ ಕೊಂಡ ದಿನ ಚೆಂದ. ಕೆಲವು ವರ್ಷದಲ್ಲಿ ಪುಟದ ಅಂಟಿನ ಗೆರೆಗಳು ಹಳದಿಯಾಗಿ ಚೀಟಿಯ ಬೆನ್ನಿಗೆ ಮೂಡುತ್ತವೆ. ಈಗಾಗಲೇ ಅದರಲ್ಲಿ ಅಂಟಿಸಿದ್ದರೆ ಉಗುರಿನಿಂದ ಕೀಳಬೇಡಿ. ಮೇಣವಿಲ್ಲದ ಡೆಂಟಲ್ ಫ್ಲಾಸ್ ಒಂದು ಮೊಳ ತೆಗೆದುಕೊಂಡು, ಚೀಟಿಯ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸ ಎಳೆದ ಹಾಗೆ ನಿಧಾನವಾಗಿ ಆಚೆ ಈಚೆ ಎಳೆಯುತ್ತ ಮುಂದೆ ಸರಿಸಿ. ದಾರ ಪುಟಕ್ಕೆ ಒತ್ತಿಕೊಂಡೇ ಹೋಗಬೇಕು, ಚೀಟಿಯ ಕಡೆಗೆ ಎತ್ತಬಾರದು. ಅಂಟು ಗಟ್ಟಿಯಾಗಿದ್ದರೆ ಆಲ್ಬಂ ಪುಟವನ್ನೇ ಚೀಟಿಯ ಸುತ್ತ ಕತ್ತರಿಸಿ ಹಾಗೇ ಇಡುವುದು ವಾಸಿ.

ನಾಣ್ಯದ 20 ಪಾಕೆಟ್ ಹಾಳೆಗಳಲ್ಲಿ ಬಹಳಷ್ಟು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಪಿವಿಸಿಯನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ರಾಸಾಯನಿಕ ವರ್ಷ ಕಳೆದ ಹಾಗೆ ಹೊರಗೆ ಜಿನುಗುತ್ತದೆ. ಮೊದಲು ಶಾಯಿ ಪ್ಲಾಸ್ಟಿಕ್ಕಿಗೆ ಕಚ್ಚುತ್ತದೆ. ಚೀಟಿ ಹೊರತೆಗೆದಾಗ ಶಕ್ತಿಮಾನನ ಅರ್ಧ ಮುಖ ಪಾಕೆಟ್ಟಿನಲ್ಲೇ ಉಳಿದಿರುತ್ತದೆ. ಬಿಸಿಲು, ಸೆಕೆ ಸೇರಿದರೆ ಪಿವಿಸಿಯಿಂದ ಹೈಡ್ರೋಕ್ಲೋರಿಕ್ ಆಮ್ಲವೂ ಹೊರಬರುತ್ತದೆ, ಕಾಗದ ಕಂದಾಗಿ ಪುಡಿಯಾಗುತ್ತದೆ.

ಹಾಳೆ ನಿಜವಾಗಿ ಪಾಲಿಪ್ರೊಪಿಲೀನೇ?

ಪ್ಯಾಕೆಟ್ಟಿನ ಮೇಲೆ ‘ಆಸಿಡ್ ಫ್ರೀ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ನಂಬಬೇಡಿ. ಹತ್ತು ಹಾಳೆಯ ಕಟ್ಟಿನಲ್ಲಿ ಒಂದರ ತೂತಿನ ಪಟ್ಟಿಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ ಮನೆಯಲ್ಲೇ ಪರೀಕ್ಷೆ ಮಾಡಬಹುದು.

ಮೊದಲನೆಯದು ಮೂಗು. ಹೊಸ ರೇನ್‌ಕೋಟಿನ ಘಾಟು ಬಂದರೆ ಪಿವಿಸಿ ಎಂದೇ ಅನುಮಾನಿಸಿ. ಪಾಲಿಪ್ರೊಪಿಲೀನಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ, ಬೆರಳಲ್ಲಿ ಹಿಸುಕಿದರೆ ಸರಸರ ಸದ್ದು ಮಾಡುತ್ತದೆ. ಪಿವಿಸಿ ಮೆತ್ತಗೆ, ಎರಡು ಹಾಳೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಎರಡನೆಯದು ನೀರು. ಲೋಟದ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಚೂರನ್ನು ಪೂರ್ತಿ ಮುಳುಗಿಸಿ ಬಿಡಿ. ಲಿಕ್ವಿಡ್ ಹಾಕದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದದ್ದೂ ತೇಲುತ್ತದೆ. ಪಾಲಿಪ್ರೊಪಿಲೀನಿನ ಸಾಂದ್ರತೆ ನೀರಿಗಿಂತ ಕಡಿಮೆ, ಸುಮಾರು 0.9, ಹಾಗಾಗಿ ಮೇಲೆ ಬರುತ್ತದೆ. ಪಿವಿಸಿ ತಳ ಸೇರುತ್ತದೆ. ತಳ ಸೇರಿದ್ದೆಲ್ಲ ಪಿವಿಸಿ ಎಂದೂ ತೀರ್ಮಾನಿಸಬೇಡಿ, ಪಾಲಿಯೆಸ್ಟರ್ ಹಾಳೆಯೂ ಮುಳುಗುತ್ತದೆ, ಮತ್ತು ಅದು ಪಾಲಿಪ್ರೊಪಿಲೀನಿಗಿಂತಲೂ ಒಳ್ಳೆಯದು.

ಆ ಎರಡರ ನಡುವೆ ಗುರುತಿಸಲು ಮೂರನೆಯ ಪರೀಕ್ಷೆ. ತಾಮ್ರದ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೂರಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಕರೆಂಟಿನ ವೈರಿನ ಮೇಲಿನ ಹೊದಿಕೆಯೂ ಪಿವಿಸಿಯೇ. ಅದನ್ನು ಪೂರ್ತಿ ಸುಲಿದು, ತಂತಿಯನ್ನು ಹಸಿರು ಬಣ್ಣ ಹೋಗುವವರೆಗೆ ಮೊದಲು ಸುಟ್ಟುಕೊಳ್ಳದಿದ್ದರೆ ಒಳ್ಳೆಯ ಹಾಳೆಗೂ ಹಸಿರು ಉರಿಯೇ ಬರುತ್ತದೆ. ಈ ಹೊಗೆ ಕುಡಿಯುವಂಥದ್ದಲ್ಲ. ಕಿಟಕಿ ತೆರೆದು, ಸಾಸಿವೆ ಕಾಳಿನಷ್ಟು ಪ್ಲಾಸ್ಟಿಕ್ಕಿನಲ್ಲಿ ಮುಗಿಸಿ.

ಅಳತೆ ಹೊಂದುತ್ತದೆಯೇ

ಒಂಬತ್ತು ಪಾಕೆಟ್ಟಿನ ಹಾಳೆ ಮಾಡಿರುವುದು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ಕಾರ್ಡಿಗೆ. ಪೋಕೆಮಾನ್ ಕಾರ್ಡು ಅಳತೆಗೆ ತಕ್ಕಂತೆ ಕೂರುತ್ತದೆ. ಹಳೇ ಕ್ರ್ಯಾಕರ್ ಜಾಕ್ ಬೇಸ್‌ಬಾಲ್ ಕಾರ್ಡು ಎರಡೂಕಾಲು ಇಂಚು ಅಗಲ, ಮೂರು ಇಂಚು ಎತ್ತರ. ಪಾಕೆಟ್ಟಿನಲ್ಲಿ ಅಲ್ಲಾಡುತ್ತದೆ, ಫೈಲು ತಲೆಕೆಳಗಾದರೆ ಮೇಲಿನ ಬಾಯಿಂದ ಜಾರುತ್ತದೆ. ಇದಕ್ಕೆ ಪರಿಹಾರ, ಮೊದಲು ಕಾರ್ಡನ್ನು ತೆಳು ಪಾಲಿಪ್ರೊಪಿಲೀನ್ ಸ್ಲೀವಿಗೆ (ಒಂದೇ ಕಾರ್ಡು ಹಿಡಿಯುವ ಚೀಲ) ಹಾಕಿ, ಆ ಸ್ಲೀವನ್ನು ಬಾಯಿ ಕೆಳಗಾಗಿ ಪಾಕೆಟ್ಟಿಗೆ ಇಳಿಸುವುದು. ಪಕ್ಕದಿಂದ ತೂರಿಸುವ ಬಾಯಿಯ ಹಾಳೆ ಸಿಕ್ಕರೆ ಇನ್ನೂ ಉತ್ತಮ, ಕಾರ್ಡೂ ಜಾರದು, ಧೂಳೂ ಕಡಿಮೆ.

ಟ್ಯಾಜೊ ಸುಮಾರು 4 ಸೆಂ.ಮೀ. ಅಗಲದ ಬಿಲ್ಲೆ. ಒಂಬತ್ತು ಪಾಕೆಟ್ಟಿನಲ್ಲಿ ಹಾಕಿದರೆ ಎಲ್ಲ ತಳಕ್ಕೆ ಬಿದ್ದು ಕೂರುತ್ತವೆ. ಎರಡಿಂಚಿನ ಚೌಕದ 20 ಪಾಕೆಟ್ ಹಾಳೆ ಬೇಕು. ಪಿವಿಸಿ ಅಲ್ಲವೆಂದು ಪರೀಕ್ಷೆ ಮಾಡಿಯೇ ಕೊಳ್ಳಿ. ಜಪಾನಿನ ಬಿಕ್ಕುರಿಮ್ಯಾನ್ ಚಾಕೊಲೇಟಿನ 48 ಮಿ.ಮೀ. ಚೌಕದ ಸ್ಟಿಕರಿಗೂ ಅದೇ ಹಾಳೆ, ಆದರೆ ಬಿಗಿ. ಒತ್ತಿ ತೂರಿಸಿದರೆ ಮೂಲೆ ಮಡಿಯುತ್ತದೆ.

ಬಬಲ್‌ಗಮ್ ಹೊದಿಕೆ, ಬಿಸ್ಕತ್ತಿನ ಹೊದಿಕೆಗಳನ್ನು ಮಡಚಿ ಒಂಬತ್ತು ಪಾಕೆಟ್ಟಿಗೆ ತುರುಕಬೇಡಿ. ಮಡಿಕೆಯ ಗೆರೆಯಲ್ಲೇ ಮುಂದೆ ಹರಿಯುವುದು. ಅಂಚೆ ಕಾರ್ಡು ಇಡುವ ನಾಲ್ಕು ಪಾಕೆಟ್ ಹಾಳೆಯಲ್ಲಿ ಬಿಡಿಸಿ ಇಡಿ.

ಫ್ಲಿಕ್ ಪುಸ್ತಕ, ಪುಟಾಣಿ ಒಗಟಿನ ಪುಸ್ತಕಗಳಿಗೆ ಈ ಹಾಳೆ ಪೂರ್ತಿ ನಪಾಸು. ದಪ್ಪಕ್ಕೆ ಪಾಕೆಟ್ಟಿನ ಬೆಸುಗೆ ಬಿಟ್ಟುಕೊಳ್ಳುತ್ತದೆ, ಪಕ್ಕದ ಪಾಕೆಟ್ಟುಗಳೂ ಸೊಟ್ಟಗಾಗುತ್ತವೆ. ಅವುಗಳ ಕಬ್ಬಿಣದ ಪಿನ್ನು ನಮ್ಮ ಕಡೆ ಒಂದೆರಡು ಮಳೆಗಾಲಕ್ಕೇ ತುಕ್ಕು ಹಿಡಿದು ಕಾಗದಕ್ಕೆ ಕೆಂಪು ಕಲೆ ಇಳಿಸುತ್ತದೆ. ಒಂದೊಂದನ್ನೂ ಪುಟ್ಟ ಜಿಪ್ ಕವರಿಗೆ ಹಾಕಿ ರಟ್ಟಿನ ಡಬ್ಬಿಯಲ್ಲಿ ನಿಲ್ಲಿಸಿಡಿ. ಪಿನ್ನು ಕೀಳುವ ಆತುರ ಬೇಡ, ಮೂಲ ಪಿನ್ನು ಹೋದರೆ ಬೆಲೆಯೂ ಹೋಯಿತು.

ಕಾಗದದಿಂದ ಬಿಡಿಸಿ ಮಡಚಿ ನಿಲ್ಲಿಸುವ ಬೊಂಬೆಗಳದ್ದು ಇನ್ನೊಂದು ಕತೆ. ಬಿಡಿಸದೇ ಇರುವ ಹಾಳೆ ಸಿಕ್ಕಿದರೆ ಹಾಗೇ ಚಪ್ಪಟೆಯಾಗಿ ಇಡಿ. ಈಗಾಗಲೇ ಜೋಡಿಸಿದ್ದನ್ನು ಚಪ್ಪಟೆ ಮಾಡಲು ಹೋಗಬೇಡಿ. ಜೋಡಿಸಲು ಸಿಕ್ಕಿಸುವ ಹಳೇ ಕಾಗದದ ಕಿವಿ, ನಾಲಿಗೆಗಳು ಎರಡು ಮೂರು ಸಲ ಬಗ್ಗಿಸುವಷ್ಟರಲ್ಲಿ ಮುರಿಯುತ್ತವೆ.

ಫೈಲಿನ ತೂತು, ಉಂಗುರ

ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಲಿವರ್ ಆರ್ಚ್ ಬಾಕ್ಸ್ ಫೈಲಿಗೆ ಎರಡೇ ಉಂಗುರ, ನಡುವೆ 8 ಸೆಂ.ಮೀ. ಅಮೆರಿಕದ ಅಳತೆಯ ಹಾಳೆಗೆ ಮೂರು ತೂತು, ಎರಡೂ ಕೂಡಿಬರುವುದಿಲ್ಲ. 11 ತೂತಿನ ಹಾಳೆ ಕೊಂಡರೆ ಎರಡು, ಮೂರು, ನಾಲ್ಕು ಉಂಗುರದ ಯಾವ ಫೈಲಿಗಾದರೂ ಹೊಂದುತ್ತದೆ. ಪಂಚಿಂಗ್ ಯಂತ್ರದಲ್ಲಿ ಹೊಸ ತೂತು ಹೊಡೆಯುವುದು ಸುಲಭ ಅನ್ನಿಸಬಹುದು, ಆದರೆ ಆ ತೂತಿನಿಂದಲೇ ಪಟ್ಟಿ ಸೀಳುತ್ತದೆ.

ಉಂಗುರ ಇಂಗ್ಲಿಷಿನ ಡಿ ಅಕ್ಷರದ ಆಕಾರದ್ದೇ ಆಗಿರಲಿ. ದುಂಡು ಉಂಗುರದ ಫೈಲಿನಲ್ಲಿ ಹಾಳೆಗಳು ಬಾಗಿ ನಿಲ್ಲುತ್ತವೆ, ಒಳಬದಿಯ ಸಾಲಿನ ಮೂರು ಚೀಟಿಗೂ ಖಾಯಂ ಬಾಗು ಬೀಳುತ್ತದೆ. ಎರಡಿಂಚಿನ ಡಿ-ರಿಂಗಿಗೆ 40 ಹಾಳೆ ಸಾಕು. ಜಾಗವಿದೆ ಎಂದು 60 ತುರುಕಿದರೆ ಮುಚ್ಚುವಾಗ ಒತ್ತಡ ಬಿದ್ದು, ಎಣ್ಣೆ ಹೀರಿದ ಚೀಟಿಯ ಬಣ್ಣ ಪಾಕೆಟ್ಟಿಗೆ ಹತ್ತುತ್ತದೆ. ಒಂದು ಪಾಕೆಟ್ಟಿಗೆ ಬೆನ್ನಿಗೆ ಬೆನ್ನು ಎರಡು ಚೀಟಿ ಹಾಕುವುದಾದರೆ ನಡುವೆ ಆಮ್ಲರಹಿತ ಕಾರ್ಡಿನ ತುಂಡು ಇರಲೇಬೇಕು. ಸ್ಟಿಕರುಗಳಿಗಂತೂ ಪಾಕೆಟ್ಟಿಗೆ ಒಂದೇ. ಅಂಚಿನಿಂದ ಅಂಟು ಹೊರಬರುವ ಹಳೇ ಸ್ಟಿಕರು ಪಕ್ಕದ್ದನ್ನೂ ಹಾಳು ಮಾಡುತ್ತದೆ.

ಹಾಳೆಯದ್ದೇ ದೋಷಗಳು

ಒಂದು ಅಂಕ ಕಳೆದದ್ದು ಇಲ್ಲಿ. ಪಾಲಿಪ್ರೊಪಿಲೀನ್ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಧೂಳೆಳೆಯುತ್ತದೆ. ಬಣ್ಣ ಪುಡಿಪುಡಿಯಾಗಿ ಉದುರುವ ಹಳೇ ಅಚ್ಚು, ತೆಳು ಟಿಶ್ಯೂ ಕಾಗದದ ಆಟಿಕೆ ಇದಕ್ಕೆ ಹಾಕಲೇಬಾರದು. ಬಣ್ಣದ ಕಣ ಪ್ಲಾಸ್ಟಿಕ್ಕಿಗೆ ಹಾರಿ ಕೂರುತ್ತದೆ. ಅಗ್ಗದ ಕಟ್ಟುಗಳಲ್ಲಿ ಬೆಸುಗೆ ಸಮವಿರುವುದಿಲ್ಲ. ಕೊಂಡ ಕೂಡಲೇ ಪ್ರತಿ ಪಾಕೆಟ್ಟಿನ ತಳಕ್ಕೆ ದಪ್ಪ ಕಾರ್ಡೊಂದನ್ನು ತಳ್ಳಿ ನೋಡಿ, ಬಿಟ್ಟುಕೊಂಡದ್ದನ್ನು ವಾಪಸ್ ಕಳಿಸಿ.

ದೊಡ್ಡ ದೋಷ ಬೇರೆಯೇ ಇದೆ. ಈ ಪ್ಲಾಸ್ಟಿಕ್ ಉಸಿರಾಡುವುದಿಲ್ಲ. ಥಂಡಿ ಹಿಡಿದ ಚೀಟಿಯನ್ನು ಒಳಗೆ ಹಾಕಿದರೆ ಆ ನೀರು ಪಾಕೆಟ್ಟಿನಲ್ಲೇ ಸಿಕ್ಕಿಕೊಂಡು ಬೂಷ್ಟು ಬೆಳೆಸುತ್ತದೆ. ಬಾಯಿ ತೆರೆದಿರುವುದರಿಂದ ಹೊರಗಿನ ಥಂಡಿ ಒಳಗೆ ಬರಲು ಮಾತ್ರ ಅಡ್ಡಿಯಿಲ್ಲ. ಎರಡೂ ಕಡೆಯಿಂದ ನಷ್ಟ. ಕಾಫಿ ಒಣಗಿಸುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರಿಯಾಗಿ ಒಣಗದ ಚೆರ್ರಿಯನ್ನು ಮೂಟೆ ಕಟ್ಟಿದರೆ ಏನಾಗುತ್ತದೋ ಇಲ್ಲೂ ಅದೇ.

ಹಾಕುವ ಕಾಲ, ಹಾಕುವ ಕ್ರಮ

ಶಿವರಾತ್ರಿಯಿಂದ ಯುಗಾದಿಯವರೆಗಿನ ಒಣ ದಿನಗಳಲ್ಲಿ ಈ ಕೆಲಸ ಮುಗಿಸಿ. ಹೂಮಳೆ ಬಿದ್ದ ದಿನ, ಅದರ ಮಾರನೇ ದಿನ ಬಿಟ್ಟುಬಿಡಿ. ತೇವಾಂಶ ತೋರಿಸುವ ಡಿಜಿಟಲ್ ಹೈಗ್ರೋಮೀಟರ್ ಸುಲಭವಾಗಿ ಸಿಗುತ್ತದೆ. ಕೋಣೆಯಲ್ಲಿ ಶೇ 50ಕ್ಕಿಂತ ಕೆಳಗಿರುವಾಗ ಹಾಕಿ.

ಅಗ್ಗದ ಮೀಟರು ಶೇ 5-10 ತಪ್ಪು ತೋರಿಸುವುದುಂಟು. ಅದಕ್ಕೂ ಉಪ್ಪೇ ಮದ್ದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಾಗುವಷ್ಟು ಮಾತ್ರ ನೀರು ಚಿಮುಕಿಸಿ, ಮೀಟರಿನ ಜತೆ ಜಿಪ್ ಕವರಿನಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಶೇ 75 ತೋರಿಸಬೇಕು. 70 ತೋರಿಸಿದರೆ ಇನ್ನುಮುಂದೆ ಓದಿದ್ದಕ್ಕೆ 5 ಕೂಡಿಸಿಕೊಳ್ಳಿ. ಉಪ್ಪು ಪೂರ್ತಿ ಕರಗಿ ನೀರಾಗಿದ್ದರೆ ಪರೀಕ್ಷೆ ಸುಳ್ಳು. ಕರಗದ ಹರಳು ಕಾಣುತ್ತಿರಬೇಕು.

ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈ ಇತ್ತ ತರಬೇಡಿ. ಚೀಟಿಯ ಮೇಲಿನ ಉಪ್ಪು, ಮಸಾಲೆ ಪುಡಿಯನ್ನು ಜಲವರ್ಣದ ಮೆತ್ತನೆ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಗುಡಿಸಿ. ಎಣ್ಣೆ ಕಲೆಯಿದ್ದರೆ ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಒಂದು ದಿನ ಬಿಡಿ, ಪೇಪರ್ ಬದಲಿಸಿ ಇನ್ನೊಂದು ದಿನ. ಅಷ್ಟಕ್ಕೆ ಎಷ್ಟು ಬಂತೋ ಅಷ್ಟು. ಒದ್ದೆ ಬಟ್ಟೆ, ಸೀಮೆಎಣ್ಣೆ, ತಿನ್ನರ್ ಯಾವುದೂ ಬೇಡ. ಪಾಕದ ಕಂದು ಕಲೆ ತೆಗೆಯಲು ಹೋದವರೆಲ್ಲ ಚಿತ್ರವನ್ನೂ ತೆಗೆದಿದ್ದಾರೆ. 1914ರ ಕಾರ್ಡಿಗೆ ಆ ಕಲೆ ಹುಟ್ಟುಗುರುತು.

ಹಾಕುವ ಮುಂಚೆ ಎರಡೂ ಬದಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಕೊಂಡರೆ ಆಮೇಲೆ ಪದೇ ಪದೇ ಹೊರತೆಗೆಯುವುದು ತಪ್ಪುತ್ತದೆ.

ಡಬ್ಬಿ ಇಲ್ಲದೆ ಹಾಳೆ ಅರ್ಧ ಸಾಮಾನು

ತುಂಬಿದ ಫೈಲಿಗೆ ರಬ್ಬರ್ ಪಟ್ಟಿ, ಕ್ಲಿಪ್ಪು ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಬೇಕು. ಎರಡು ಫೈಲಿಗೆ 20 ಲೀಟರಿನದು ಹಿಡಿಸುತ್ತದೆ. ಫೈಲಿನ ಉದ್ದಗಲ ಅಳೆದುಕೊಂಡೇ ಅಂಗಡಿಗೆ ಹೋಗಿ, ಲೀಟರು ನೋಡಿ ಕೊಂಡ ಡಬ್ಬಿಯ ಮುಚ್ಚಳ ಎಷ್ಟೋ ಸಲ ಮುಚ್ಚುವುದಿಲ್ಲ. ಕಬ್ಬಿಣದ ಟ್ರಂಕಿನಲ್ಲಿ ಗಾಳಿಯಾಡುತ್ತದೆ, ರಾತ್ರಿ ತಣ್ಣಗಾದಾಗ ಒಳಗೆ ಬೆವರುತ್ತದೆ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿಡುವ ಹಳೇ ರೂಢಿ ತೊಗಲಿಗೆ, ಬೀಜಕ್ಕೆ ಸರಿ. ಕಾಗದಕ್ಕೆ ಕರಿ ಹಿಡಿಯುತ್ತದೆ.

ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು. ಎಷ್ಟು ಎಂಬಲ್ಲೇ ಎಲ್ಲರ ಲೆಕ್ಕ ತಪ್ಪುವುದು. ಚಪ್ಪಲಿ ಪೆಟ್ಟಿಗೆಯಲ್ಲಿ ಬಂದ ಎರಡು ಪುಟ್ಟ ಚೀಲ ಹಾಕಿ ಕೂತರೆ ಏನೂ ಪ್ರಯೋಜನವಿಲ್ಲ. ತೇವಾಂಶ ಶೇ 80 ಇರುವ ಕೋಣೆಯಲ್ಲಿ ಒಂದು ಕಿಲೋ ಕಾಗದ, ರಟ್ಟು ಸೇರಿ ಸುಮಾರು 120 ಗ್ರಾಂ ನೀರು ಹಿಡಿದಿರುತ್ತದೆ. ಶೇ 50ರಲ್ಲಿ 70 ಗ್ರಾಂ ಆಸುಪಾಸು. ಮಳೆಗಾಲದಲ್ಲಿ ಮುಚ್ಚಿದರೆ ಆ 50 ಗ್ರಾಂ ನೀರನ್ನು ಜೆಲ್ ಹೀರಬೇಕು. ಶೇ 50ರ ಗಾಳಿಯಲ್ಲಿ ಜೆಲ್ ತನ್ನ ತೂಕದ ಕಾಲುಭಾಗದಷ್ಟು ನೀರು ಹಿಡಿಯುತ್ತದೆ. ಅಂದರೆ ಕಿಲೋಗೆ 200 ಗ್ರಾಂ ಜೆಲ್. ಫೈಲಿನ ದಪ್ಪ ರಟ್ಟಿನ ತೂಕವೂ ಈ ಲೆಕ್ಕಕ್ಕೆ ಸೇರುತ್ತದೆ, ಮರೆಯಬೇಡಿ. ಯುಗಾದಿಗೆ ಮುಂಚೆ ಒಣಗಿದ ಕಾಗದವನ್ನೇ ಮುಚ್ಚಿದರೆ ಸೋರಿಕೆಗೆ ಮಾತ್ರ ಜೆಲ್ ಬೇಕು, 50ರಿಂದ 100 ಗ್ರಾಂ ಸಾಕಾಗುತ್ತದೆ. ಕಾಲ ನೋಡಿ ಹಾಕಿ ಎಂದದ್ದು ಇದಕ್ಕೇ.

ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ವಿಷಕಾರಿ. ಮಕ್ಕಳಿರುವ ಮನೆಗೆ ಕಿತ್ತಳೆಯಿಂದ ಹಸಿರಿಗೆ ತಿರುಗುವುದೇ ಸರಿ. ಬಣ್ಣ ತಿರುಗಿದ ಮೇಲೆ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಸಿದ್ಧ. ಬಾಣಲೆಗೆ ಹಾಕಿ ಹುರಿದರೆ ತಳದ ಕಾಳು ಸೀದು ಕಪ್ಪಾಗಿ ಸತ್ತುಹೋಗುತ್ತದೆ. ಅಡುಗೆಯ ಪಾತ್ರೆಯಂತೂ ಬೇಡವೇ ಬೇಡ. ಜೆಲ್ಲನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಡಬ್ಬಿಯ ಒಂದು ಪಕ್ಕಕ್ಕಿಡಿ, ಹಾಳೆಗೆ ತಾಗಬಾರದು. ಹೈಗ್ರೋಮೀಟರನ್ನು ಡಬ್ಬಿಯ ಪಾರದರ್ಶಕ ಬದಿಗೆ ಮುಖಮಾಡಿ ಒಳಗೇ ಇಟ್ಟರೆ ತೆರೆಯದೇ ನೋಡಬಹುದು. ಗುರಿ ಶೇ 40ರಿಂದ 50. ಶೇ 65 ದಾಟಿದರೆ ಬೂಷ್ಟಿಗೆ ದಾರಿ. 30ಕ್ಕಿಂತ ಇಳಿದರೆ ಹಳೇ ಕಾಗದ ಗರಿಗರಿಯಾಗಿ ಮುರಿಯುತ್ತದೆ, ಹಾಗಾದಾಗ ಅರ್ಧ ಜೆಲ್ ಹೊರತೆಗೆಯಿರಿ.

ಡಬ್ಬಿಯನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ನೆಲದ ಮೇಲೂ ಬೇಡ. ಒಳಗೋಡೆಯ ಕಪಾಟಿನ ನಡುವಿನ ಅರೆ ಒಳ್ಳೆಯ ಜಾಗ.

ಹುಳ, ನುಸಿಗುಳಿಗೆ, ಕರೆಂಟು

ಸಿಲ್ವರ್‌ಫಿಶ್ ಹುಳಕ್ಕೆ ಹಿಟ್ಟಿನ ಅಂಟು ಪ್ರಾಣ, ಜಿರಳೆಗೆ ಸಕ್ಕರೆ. ಈ ಸಂಗ್ರಹದಲ್ಲಿ ಎರಡೂ ಇವೆ. ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ: ನಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಮತ್ತೆ ಹರಳಾಗಿ ಕೂರುತ್ತದೆ.

ಹೊಸದಾಗಿ ಕೊಂಡ ಹಳೇ ಚೀಟಿಗಳ ಕಟ್ಟನ್ನು ಸೀದಾ ಫೈಲಿಗೆ ಸೇರಿಸದೆ, ಚೆನ್ನಾಗಿ ಒಣಗಿಸಿ, ಗಾಳಿ ತೆಗೆದ ಜಿಪ್ ಕವರಿನಲ್ಲಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಮೈನಸ್ 18 ಡಿಗ್ರಿ ಇರಬೇಕು, ಆಗ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಕವರು ಬಿಚ್ಚದೆ ಒಂದು ದಿನ ಬಿಡಿ, ತಣ್ಣಗಿನ ಕಾಗದಕ್ಕೆ ಹೊರಗಿನ ಗಾಳಿ ತಾಗಿದರೆ ಬೆವರು ಮೂಡುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬಾರದ ಊರುಗಳಲ್ಲಿ ಇದನ್ನೂ ಬೇಸಿಗೆಯಲ್ಲೇ ಮಾಡಿ ಮುಗಿಸಬೇಕು. ನಡುವೆ ಕರಗಿದರೆ ಎರಡು ವಾರದ ಲೆಕ್ಕ ಮತ್ತೆ ಮೊದಲಿಂದ.

ಬೂಷ್ಟು ಈಗಾಗಲೇ ಹಿಡಿದಿದ್ದರೆ ಆ ಚೀಟಿಯನ್ನು ಬೇರೆ ಕವರಿಗೆ ಹಾಕಿ, ಜೆಲ್ ಜತೆ ಪೂರ್ತಿ ಒಣಗಿಸಿ. ಒಣಗಿದ ಮೇಲೆ ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡು ಬ್ರಷ್ಷಿನಿಂದ ಗುಡಿಸಿ. ಒದ್ದೆಯಿರುವಾಗ ಒರೆಸಿದರೆ ಕಲೆ ಕಾಗದದೊಳಗೆ ಇಳಿಯುತ್ತದೆ. ನೇರ ಬಿಸಿಲಿಗೆ ಒಡ್ಡಬೇಡಿ, ಬೂಷ್ಟಿಗಿಂತ ಮೊದಲು ಬಣ್ಣ ಹೋಗುತ್ತದೆ.

ಅಮೆರಿಕದಿಂದ ತರಿಸುವವರಿಗೆ

ಇಷ್ಟೆಲ್ಲ ಕಾಳಜಿಯಿಂದ ಇಡುವುದು ನಕಲು ಕಾರ್ಡನ್ನಾದರೆ ಶ್ರಮ ದಂಡ. ಕ್ರ್ಯಾಕರ್ ಜಾಕ್ ಬೇಸ್‌ಬಾಲ್ ಕಾರ್ಡಿನ ಮರುಮುದ್ರಣಗಳು ಬೇಕಾದಷ್ಟಿವೆ. 1914ರದಕ್ಕೆ ಹಿಂಬದಿಯಲ್ಲಿ 144, 1915ರದಕ್ಕೆ 176 ಎಂದಿರುತ್ತದೆ. 1915ರ ಕಾರ್ಡನ್ನು ಪಕ್ಕಕ್ಕೆ ತಿರುಗಿಸಿ ನೋಡಿದರೆ ಹಿಂಬದಿಯ ಬರಹ ತಲೆಕೆಳಗಾಗಿರುತ್ತದೆ, 1914ರದು ನೆಟ್ಟಗಿರುತ್ತದೆ. ಕತ್ತಲಲ್ಲಿ ಯುವಿ ಟಾರ್ಚು ಬಿಡಿ: ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದದ್ದು. ಕಾರ್ಡು ನೀಲಿಯಾಗಿ ಹೊಳೆದರೆ ಅದು 1914ರದಲ್ಲ. ಹೊಳೆಯದ ಮಾತ್ರಕ್ಕೆ ಅಸಲಿ ಎಂದೂ ಆಗದು, 10 ಪಟ್ಟು ಭೂತಗನ್ನಡಿಯಲ್ಲಿ ಅಚ್ಚಿನ ಚುಕ್ಕಿಗಳನ್ನೂ ಅಕ್ಷರದ ಅಂಚನ್ನೂ ನೋಡಬೇಕು. ಅಸಲಿಯಲ್ಲಿ ಅಕ್ಷರ ಗಟ್ಟಿ ಶಾಯಿ, ಅಕ್ಷರವೇ ಚುಕ್ಕಿಚುಕ್ಕಿಯಾಗಿ ಒಡೆದಿದ್ದರೆ ಫೋಟೋ ತೆಗೆದು ಅಚ್ಚು ಹಾಕಿದ್ದು.

ಕೊಳ್ಳುವುದಾದರೆ

ಮುನ್ನೂರು ಚೀಟಿಯ ಸಂಗ್ರಹಕ್ಕೆ, ಪಾಕೆಟ್ಟಿಗೆ ಒಂದರಂತೆ 34 ಹಾಳೆ ಬೇಕು. ಪರೀಕ್ಷೆಗೆ ಕತ್ತರಿಸುವುದು, ಬೆಸುಗೆ ಬಿಟ್ಟದ್ದು ಸೇರಿ 40 ತರಿಸಿ. ಎರಡಿಂಚಿನ ಡಿ-ರಿಂಗ್ ಫೈಲು ಒಂದು, ಟ್ಯಾಜೊ ಇದ್ದರೆ 20 ಪಾಕೆಟ್ ಹಾಳೆ ಐದು, 20 ಲೀಟರ್ ಡಬ್ಬಿ ಒಂದು, ಕಿತ್ತಳೆ ಜೆಲ್ ಅರ್ಧ ಕಿಲೋ, ಹೈಗ್ರೋಮೀಟರ್ ಒಂದು. ಅರ್ಧ ಕಿಲೋ ಏಕೆಂದರೆ ಒಂದು ಚೀಲ ಡಬ್ಬಿಯಲ್ಲಿರುವಾಗ ಇನ್ನೊಂದು ಓವನ್ನಿನಲ್ಲಿರಬೇಕು. ಹಾಳೆ ಆನ್‌ಲೈನಿನಲ್ಲೇ ತರಿಸಬೇಕಾದೀತು, ಉಳಿದದ್ದೆಲ್ಲ ಪೇಟೆಯಲ್ಲಿ ಹುಡುಕಿದರೆ ಸಿಗುತ್ತದೆ. ಮೃಗಶಿರಾ ಮಳೆಗೆ ಇನ್ನೂ ತಿಂಗಳಿದೆ ಎನ್ನುವಾಗ ಆರ್ಡರ್ ಹಾಕಿದರೆ ತಡವಾದಂತೆ, ಫೆಬ್ರವರಿಯಲ್ಲೇ ಹಾಕಿ.